ಜಾಂಬೋಟಿಯ ಮಳೆ, ಕೂಸಿನ ಕುಂಚಿಗೆ ಮತ್ತು ಒಗೆಯುವ ಯಂತ್ರ

ಮಳೆಗಾಲ ಹಿಡಿದುಕೊಂಡಿತೆಂದರೆ ಜಾಂಬೋಟಿಯಲ್ಲಿ ಬಿಸಿಲು ಕಾಣುವುದು ಅಪರೂಪ. ಖಾನಾಪುರದಿಂದ ಸುಮಾರು 20 ಕಿ.ಮೀ. ದೂರದಲ್ಲಿ, ಬೆಳಗಾವಿಯಿಂದ ಚೋರ್ಲಾ ಘಾಟಿನ ಮೂಲಕ ಗೋವೆಗೆ ಇಳಿಯುವ ದಾರಿಯ ಮೇಲಿರುವ ಊರು ಇದು. ಇದೇ ದಾರಿಯಲ್ಲಿ ಮುಂದೆ ಸಿಗುವ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಅಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುತ್ತದೆ. ಅದೇ ನದಿಗೆ ಅಣೆಕಟ್ಟು ಕಟ್ಟಿರುವ ಸವದತ್ತಿಯ ಕಡೆ ಅದರ ಕಾಲುಭಾಗದಷ್ಟೂ ಬೀಳುವುದಿಲ್ಲ. ಒಂದೇ ಜಿಲ್ಲೆ, ಒಂದೇ ಹೊಳೆ. ಆದರೆ ಒಗೆದ ಅರಿವೆ ಒಂದು ಕಡೆ ಒಂದು ತಾಸಿನಲ್ಲಿ ಗರಿಗರಿಯಾಗುತ್ತದೆ, ಇನ್ನೊಂದು ಕಡೆ ಮೂರು ದಿನವಾದರೂ ತಂಪು ಬಿಡುವುದಿಲ್ಲ.

ಇಂಥ ಊರಿನಲ್ಲಿ ತೊಟ್ಟಿಲ ಕೂಸೊಂದು, ಅಂಗಳದ ಕೆಂಪು ಮಣ್ಣಿನಲ್ಲಿ ಆಡುವ ಮೂರು ವರ್ಷದ ಮಗುವೊಂದು ಇರುವ ಮನೆಯನ್ನು ನೆನೆಸಿಕೊಳ್ಳಿ. ಲಂಗೋಟಿ, ಕುಲಾವಿ, ಕುಂಚಿಗೆ, ಹಾಸುವ ದುಪ್ಪಟಿ ಎಲ್ಲವೂ ದಿನಕ್ಕೆ ಎಷ್ಟೋ ಸಲ ಹಸಿಯಾಗುತ್ತವೆ. ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಗೆಯ ಮೇಲೆ ಬುಟ್ಟಿ ಕವುಚಿ, ಅದರ ಮೇಲೆ ಕೂಸಿನ ಅರಿವೆ ಹರವಿ, ಲೋಬಾನದ ಹೊಗೆಯಲ್ಲಿ ಒಣಗಿಸುವ ಪದ್ಧತಿ ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಈಗಿನ ಮನೆಗಳಲ್ಲಿ ಅಗ್ಗಿಷ್ಟಿಗೆ ಇಲ್ಲ, ಅಜ್ಜಿಯೂ ಎಲ್ಲ ಕಡೆ ಇಲ್ಲ. ಆದ್ದರಿಂದಲೇ “ಒಂದು ವಾಷಿಂಗ್ ಮಷೀನ್ ತರೋಣ” ಎಂಬ ಮಾತು ಬರುತ್ತದೆ. ಅದರ ಬೆನ್ನಿಗೇ ಯಾವುದು, ಎಷ್ಟು ದೊಡ್ಡದು, ಮೇಲಿನ ಬಾಯಿಯದೋ ಮುಂದಿನ ಬಾಗಿಲಿನದೋ ಎಂಬ ಪ್ರಶ್ನೆಗಳು.

ಇದು ಅಂಗಡಿಯವನು ಉತ್ತರಿಸಬೇಕಾದ ಪ್ರಶ್ನೆ, ಇತಿಹಾಸಕ್ಕೇನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧವಿದೆ. ಅರಿವೆ ಒಗೆಯುವುದೆಂದರೆ ನಾಲ್ಕು ಸಂಗತಿಗಳ ಕೂಟ: ನೀರು, ಕೊಳೆ ಬಿಡಿಸುವ ವಸ್ತು, ಬಿಸಿಲು, ಮತ್ತು ಯಾರದೋ ರಟ್ಟೆ. ಕಾಲದಿಂದ ಕಾಲಕ್ಕೆ ಬದಲಾದದ್ದು ಇವುಗಳಲ್ಲಿ ಯಾವುದನ್ನು ಯಾರು ಒದಗಿಸಬೇಕು ಎಂಬುದಷ್ಟೇ. ಯಂತ್ರವೂ ಈ ಮಾತಿಗೆ ಹೊರತಲ್ಲ.

ಸವಳು ಮಣ್ಣು, ಅಂಟುವಾಳ, ಬೂರುಗದ ಹಲಗೆ

ಸಾಬೂನು ಬರುವುದಕ್ಕೆ ಮೊದಲೂ ನಮ್ಮ ಜನ ಅರಿವೆ ಒಗೆಯುತ್ತಿದ್ದರು, ಅದೂ ಬಹಳ ತಿಳಿವಳಿಕೆಯಿಂದ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಯಾವ ಬಟ್ಟೆಗೆ ಯಾವ ವಸ್ತು ಎಂಬ ಪಟ್ಟಿಯೇ ಇದೆ. ರೇಷ್ಮೆಗೆ ಮತ್ತು ಉಣ್ಣೆಗೆ ಕ್ಷಾರದ ಮಣ್ಣು, ಕಂಬಳಿಗೆ ಅಂಟುವಾಳ, ನಯವಾದ ಪಟ್ಟೆಗೆ ಬಿಲ್ವದ ಕಾಯಿ, ನಾರುಮಡಿಗೆ ಬಿಳಿ ಸಾಸಿವೆ. ಎಂಟನೆಯ ಅಧ್ಯಾಯದಲ್ಲಿ ಅಗಸನಿಗೆ ವಿಧಿಸಿದ ನಿಯಮ ಇನ್ನೂ ಸ್ವಾರಸ್ಯಕರ. ಬೂರುಗದ ಮರದ ನುಣುಪಾದ ಹಲಗೆಯ ಮೇಲೆ ಮೆಲ್ಲಗೆ ಒಗೆಯಬೇಕು, ಒಬ್ಬರ ಅರಿವೆಯನ್ನು ಇನ್ನೊಬ್ಬರದರೊಡನೆ ಬೆರೆಸಬಾರದು, ಬೇರೆಯವರಿಗೆ ಉಡಲು ಕೊಡಬಾರದು. ಇಂದಿನ ಯಂತ್ರದ ಗುಂಡಿಯ ಸುತ್ತ ಬರೆದಿರುವ ‘ಹತ್ತಿ’, ‘ಉಣ್ಣೆ’, ‘ನಾಜೂಕು’ ಎಂಬ ಹೆಸರುಗಳನ್ನು ನೋಡಿದವರಿಗೆ ಈ ಪಟ್ಟಿ ಹೊಸದೆನಿಸದು.

ಹಳ್ಳಿಗಳಲ್ಲಿ ಇದೇ ಜ್ಞಾನ ಶಾಸ್ತ್ರದ ಹಂಗಿಲ್ಲದೆ ಉಳಿದು ಬಂತು. ಸವಳು ಮಣ್ಣು, ಒಲೆಯ ಬೂದಿ ಇವು ಕ್ಷಾರ, ಎಣ್ಣೆಜಿಡ್ಡನ್ನು ಸಡಿಲಿಸುತ್ತವೆ. ಅಂಟುವಾಳಕಾಯಿಯಲ್ಲಿ ನೊರೆ ಕೊಡುವ ಸಾರವಿದೆ. ಬಣ್ಣ ಕೆಡಿಸದೆ ಕೊಳೆ ಎತ್ತುತ್ತದೆ. ಅಗಸರು ಅರಿವೆಯನ್ನು ಸವಳಿನ ನೀರಿನಲ್ಲಿ ಅದ್ದಿ, ದೊಡ್ಡ ಗಡಿಗೆಯ ಆವಿಯಲ್ಲಿ ಬೇಯಿಸುತ್ತಿದ್ದರು. ಇದೇ ಉಬ್ಬೆ. ಬಿಸಿಯಿಂದ ಕೊಳೆಯೂ ಸಡಿಲುತ್ತಿತ್ತು, ರೋಗಾಣುವೂ ಸಾಯುತ್ತಿತ್ತು. ಯಾರ ಅರಿವೆ ಯಾರದೆಂದು ತಿಳಿಯಲು ಆಯುರ್ವೇದ ಭಲ್ಲಾತಕವೆಂದು ಕರೆಯುವ ಕರಿಗೇರು ಕಾಯಿಯ ರಸದಿಂದ ಅಂಚಿನಲ್ಲಿ ಗುರುತು ಹಾಕುತ್ತಿದ್ದರು. ಆ ಗುರುತು ಎಷ್ಟು ಒಗೆದರೂ ಹೋಗುತ್ತಿರಲಿಲ್ಲ.

ಇಂಗ್ಲೆಂಡಿನ ಲೀವರ್ ಕಂಪನಿಯ ಸನ್‌ಲೈಟ್ ಸಾಬೂನು ಕಲ್ಕತ್ತೆಯ ಬಂದರಿಗೆ ಬಂದದ್ದು 1888ರಲ್ಲಿ. ಸರ್ಫ್ ಪುಡಿ ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ಅಹಮದಾಬಾದಿನ ಕರ್ಸನ್‌ಭಾಯ್ ಪಟೇಲರು 1969ರಲ್ಲಿ ಸೈಕಲ್ಲಿನ ಮೇಲೆ ಮಾರಲು ತೊಡಗಿದ ಅಗ್ಗದ ನಿರ್ಮಾ ಮುಂದೆ ಹಳ್ಳಿಗಳನ್ನೂ ತಲುಪಿತು. ಇಲ್ಲಿಯವರೆಗೆ ಬದಲಾದದ್ದು ಕೊಳೆ ಬಿಡಿಸುವ ವಸ್ತು ಮಾತ್ರ. ರಟ್ಟೆ ಹಾಗೆಯೇ ಇತ್ತು.

ಯಾರ ರಟ್ಟೆ?

ಆ ರಟ್ಟೆ ಯಾರದು ಎಂಬುದೇ ಈ ಕಥೆಯ ತಿರುಳು. ಕನ್ನಡದಲ್ಲಿ ‘ಮಡಿ’ ಎಂದರೆ ಒಗೆದ ಬಟ್ಟೆಯೂ ಹೌದು, ಮೈಲಿಗೆ ಕಳೆದ ಶುದ್ಧಿಯೂ ಹೌದು. ಆ ಶುದ್ಧಿಯನ್ನು ಮಾಡಿಕೊಡುವವನು ಮಡಿವಾಳ. ಆದರೆ ಮಡಿ ಕೊಟ್ಟವನನ್ನೇ ಸಮಾಜ ಮೈಲಿಗೆಯೆಂದು ದೂರ ಇಟ್ಟಿತು. ಈ ವಿರೋಧಾಭಾಸವನ್ನು ಎದುರಿಸಿ ನಿಂತವರಲ್ಲಿ 12ನೇ ಶತಮಾನದ ಮಡಿವಾಳ ಮಾಚಿದೇವ ಮುಖ್ಯ. ದೇವರ ಹಿಪ್ಪರಗಿಯಿಂದ ಕಲ್ಯಾಣಕ್ಕೆ ಬಂದು, ಶರಣರ ಬಟ್ಟೆ ಒಗೆಯುವ ಕಾಯಕದಲ್ಲಿದ್ದುಕೊಂಡೇ ‘ಕಲಿದೇವರದೇವ’ ಅಂಕಿತದಲ್ಲಿ ವಚನ ರಚಿಸಿದವನು ಆತ. ಕಲ್ಯಾಣದ ಕ್ರಾಂತಿಯ ನಂತರ ಶರಣರು ಉಳವಿಯತ್ತ ಸಾಗಿದಾಗ ಅವರ ರಕ್ಷಣೆಗೆ ನಿಂತ ವೀರನೆಂದೂ ಪರಂಪರೆ ಆತನನ್ನು ನೆನೆಯುತ್ತದೆ. ಆ ದಾರಿಯ ನೆನಪು ಬೆಳಗಾವಿ ಸೀಮೆಯಲ್ಲಿ ಇನ್ನೂ ಹಸಿರಾಗಿದೆ. ಡೋಹರ ಕಕ್ಕಯ್ಯನ ಹೆಸರಿನೊಡನೆ ಬೆಸೆದುಕೊಂಡಿರುವ ಕಕ್ಕೇರಿ ಇರುವುದು ಖಾನಾಪುರ ತಾಲ್ಲೂಕಿನಲ್ಲೇ.

ಈ ಗಡಿಸೀಮೆಯ ಹಳ್ಳಿಗಳಲ್ಲಿ ಕನ್ನಡದ ಬಾಯಲ್ಲಿ ಅಗಸ, ಮರಾಠಿಯ ಬಾಯಲ್ಲಿ ಪರೀಟ ಎಂದು ಕರೆಸಿಕೊಂಡವರು ಊರಿನ ಆಯಗಾರರಲ್ಲಿ ಒಬ್ಬರು. ಬಡಿಗ, ಕಮ್ಮಾರ, ಕುಂಬಾರರ ಹಾಗೆ ಅವರಿಗೂ ಸುಗ್ಗಿಯಲ್ಲಿ ಕಣದಿಂದ ಕಾಳು ಸಲ್ಲುತ್ತಿತ್ತು. ನಿತ್ಯದ ಉಡುಗೆಯನ್ನು ಹೆಂಗಸರು ಮನೆಯ ಕಲ್ಲಿನ ಮೇಲೋ ಹಳ್ಳದಲ್ಲೋ ಒಗೆದುಕೊಂಡರೂ, ಹೆರಿಗೆ ಆದಾಗಿನ ಬಟ್ಟೆ, ಸಾವಿನ ಮನೆಯ ಬಟ್ಟೆ ಹೋಗುತ್ತಿದ್ದದ್ದು ಅಗಸಗಿತ್ತಿಯ ಕೈಗೆ. ಎಂದರೆ ಕೂಸೊಂದು ಹುಟ್ಟಿದ ಮನೆಯ ಒಗೆತದಲ್ಲಿ ಅತ್ಯಂತ ಕಷ್ಟದ ಪಾಲನ್ನು ಹೊತ್ತವಳು ಊರಿನ ಅತ್ಯಂತ ಬಡ ಹೆಂಗಸರಲ್ಲಿ ಒಬ್ಬಳು. ಅವಳಿಗೆ ಸಿಕ್ಕಿದ್ದು ಒಂದಿಷ್ಟು ಕಾಳು, ಒಂದು ಹಳೆಯ ಸೀರೆ.

ಕಾಳಿನ ಬದಲು ಹಣ ಬಂದಂತೆ, ಮಕ್ಕಳು ಶಾಲೆಗೆ ಹೋದಂತೆ ಈ ವ್ಯವಸ್ಥೆ ಕರಗಿತು. ಕರಗಿದ್ದು ಒಳ್ಳೆಯದೇ. ಆದರೆ ಆ ಹೊರೆ ಮಾಯವಾಗಲಿಲ್ಲ. ಅಗಸಗಿತ್ತಿಯ ಹೆಗಲಿನಿಂದ ಇಳಿದದ್ದು ಮನೆಯ ಸೊಸೆಯ ಹೆಗಲಿಗೆ ಬಂತು. ಯಂತ್ರ ನಮ್ಮ ಮನೆಗಳನ್ನು ಹೊಕ್ಕದ್ದು ಆ ಹೊತ್ತಿನಲ್ಲಿ.

ರೆಗೆನ್ಸ್‌ಬರ್ಗಿನಿಂದ ಗೋವೆಯವರೆಗೆ

ಯಂತ್ರದ ಯೋಚನೆ ಹಳೆಯದು. 1767ರಲ್ಲಿ ಜರ್ಮನಿಯ ರೆಗೆನ್ಸ್‌ಬರ್ಗಿನ ಪಾದ್ರಿ, ಅಣಬೆ ಮತ್ತು ಕೀಟಗಳ ಅಭ್ಯಾಸಿ ಜಾಕೋಬ್ ಕ್ರಿಸ್ಟಿಯಾನ್ ಶೆಫರ್ ಮರದ ತೊಟ್ಟಿಯೊಳಗೆ ಹಿಡಿಕೆ ತಿರುಗಿಸಿ ಬಟ್ಟೆ ಕಲಕುವ ಸಾಧನವನ್ನು ಚಿತ್ರಸಮೇತ ಪ್ರಕಟಿಸಿದ. 1858ರಲ್ಲಿ ಅಮೆರಿಕದ ಹ್ಯಾಮಿಲ್ಟನ್ ಸ್ಮಿತ್ ತಿರುಗುವ ಡೋಲಿಗೆ ಪೇಟೆಂಟ್ ಪಡೆದ. 20ನೇ ಶತಮಾನದ ಮೊದಲ ದಶಕದಲ್ಲಿ ವಿದ್ಯುತ್ ಮೋಟಾರು ಸೇರಿತು. 1937ರಲ್ಲಿ ಬೆಂಡಿಕ್ಸ್ ಕಂಪನಿ ತಾನೇ ನೀರು ತುಂಬಿ, ಒಗೆದು, ಜಾಲಿಸಿ, ಹಿಂಡುವ ಮುಂಬಾಗಿಲಿನ ಯಂತ್ರ ತಂದಿತು. ಅದು ಹಿಂಡುವಾಗ ಎಷ್ಟು ಅದುರುತ್ತಿತ್ತೆಂದರೆ ನೆಲಕ್ಕೆ ಬೋಲ್ಟು ಹಾಕಿ ಬಿಗಿಯಬೇಕಾಗುತ್ತಿತ್ತು.

ಈ ಯಂತ್ರ ಹುಟ್ಟಿದ್ದು ನಲ್ಲಿಯಲ್ಲಿ ಸದಾ ಒತ್ತಡದ ನೀರು, ಗೋಡೆಯಲ್ಲಿ ಸದಾ ವಿದ್ಯುತ್ತು ಇರುವ ಮನೆಗಾಗಿ. ಅಷ್ಟು ಅನುಕೂಲವಿಲ್ಲದ ಮನೆಗೆ ಇನ್ನೊಂದು ದಾರಿ ಏಷ್ಯಾದಲ್ಲಿ ಬೆಳೆಯಿತು. 1953ರಲ್ಲಿ ಜಪಾನಿನ ಸ್ಯಾನ್ಯೋ ಕಂಪನಿ ತೊಟ್ಟಿಯೊಳಗಿನ ತಿರುಗುತಟ್ಟೆಯಿಂದ ನೀರನ್ನು ಸುಳಿಯಾಗಿ ತಿರುಗಿಸುವ ಅಗ್ಗದ ಯಂತ್ರ ತಂದಿತು. ಒಗೆಯಲು ಒಂದು ತೊಟ್ಟಿ, ಹಿಂಡಲು ಇನ್ನೊಂದು ಎಂಬ ಜೋಡಿತೊಟ್ಟಿಯ ಯಂತ್ರವೇ ನಮ್ಮಲ್ಲಿ ‘ಸೆಮಿ ಆಟೊಮ್ಯಾಟಿಕ್’ ಎಂದು ಹೆಸರಾಯಿತು.

ಭಾರತದಲ್ಲಿ ಇವು ಮಧ್ಯಮವರ್ಗದ ಮಾತಾದದ್ದು 1980ರ ದಶಕದ ಕೊನೆಗೆ. ವಿಡಿಯೋಕಾನ್ ದೂರದರ್ಶನದ ಜಾಹೀರಾತಿನ ಮೂಲಕ ಮನೆಮಾತಾಯಿತು. ಪುದುಚೇರಿಯಲ್ಲಿ ಟಿವಿಎಸ್ ಮತ್ತು ವರ್ಲ್‌ಪೂಲ್ ಜೊತೆಯಾದವು. ಬೆಂಗಳೂರಿನ ಬಿಪಿಎಲ್ ಅದೇ ಸ್ಯಾನ್ಯೋದ ಕೈಹಿಡಿಯಿತು. ಜರ್ಮನಿಯ ಬಾಷ್‌ನ ತಂತ್ರಜ್ಞಾನ ಪಡೆದ ಐಎಫ್‌ಬಿ ಮುಂಬಾಗಿಲಿನ ಯಂತ್ರ ತಯಾರಿಸಲು ಆರಿಸಿಕೊಂಡದ್ದು ಗೋವೆಯನ್ನು. ಜಾಂಬೋಟಿಯ ಮುಂದಿನ ರಸ್ತೆ ಘಾಟಿನಲ್ಲಿ ಇಳಿದು ಸೇರುವುದೂ ಆ ಗೋವೆಯನ್ನೇ.

ಯಂತ್ರ ಬಂದ ಮೇಲೆ ದುಡಿಮೆ ತಗ್ಗಿತೇ? ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರ ತಮ್ಮ ಗ್ರಂಥದಲ್ಲಿ ಇದಕ್ಕೆ ಅಚ್ಚರಿಯ ಉತ್ತರ ಕೊಟ್ಟರು. ಯಂತ್ರ ಮೈಯ ನೋವನ್ನು ಖಂಡಿತ ತಗ್ಗಿಸಿತು. ಆದರೆ ಹಿಂದೆ ಕೂಲಿಯಾಕೆಗೋ ಲಾಂಡ್ರಿಗೋ ಹೋಗುತ್ತಿದ್ದ ಬಟ್ಟೆ ಮನೆಗೇ ಮರಳಿತು. ವಾರಕ್ಕೊಮ್ಮೆ ಒಗೆಯುತ್ತಿದ್ದದ್ದು ದಿನವೂ ಒಗೆಯುವಂತಾಯಿತು. ಎಲ್ಲ ಕೂಡಿ ಗೃಹಿಣಿಯ ಹೊತ್ತು ಉಳಿಯಲೇ ಇಲ್ಲ. ನಮ್ಮ ದೇಶದ ಲೆಕ್ಕವೂ ಸಮಾಧಾನ ಕೊಡುವಂಥದಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ 299 ನಿಮಿಷ ದುಡಿದರೆ, ಅದರಲ್ಲಿ ಕೈಹಾಕುವ ಗಂಡಸರು ದುಡಿದದ್ದು 97 ನಿಮಿಷ. ಕೈಹಾಕುವ ಗಂಡಸರಾದರೂ ನೂರಕ್ಕೆ ಇಪ್ಪತ್ತಾರು ಜನ ಮಾತ್ರ.

ನಮ್ಮ ಮನೆಗೆ ಯಾವುದು?

ಈಗ ಜಾಂಬೋಟಿಯ ಮನೆಗೆ ಮರಳೋಣ. ಮೇಲೆ ಹೇಳಿದ ನಾಲ್ಕು ಸಂಗತಿಗಳನ್ನು ಒಂದೊಂದಾಗಿ ಕೇಳಿದರೆ ಆಯ್ಕೆ ತಾನಾಗಿ ತಿಳಿಯಾಗುತ್ತದೆ.

ಮೊದಲನೆಯದು ನೀರು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಗ್ರಾಮೀಣ ಮನೆಗಳಿಗೆ ಇಟ್ಟುಕೊಂಡ ಗುರಿ ತಲೆಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ 275 ಲೀಟರ್ ಆಯಿತು. ಮೇಲಿನ ಬಾಯಿಯ ಪೂರ್ಣ ಸ್ವಯಂಚಾಲಿತ ಯಂತ್ರ ಒಂದು ಸಲಕ್ಕೆ 100 ಲೀಟರಿಗೂ ಹೆಚ್ಚು ಕುಡಿಯುವುದುಂಟು. ಮುಂಬಾಗಿಲಿನದಕ್ಕೆ ಸುಮಾರು ಅದರ ಅರ್ಧ ಸಾಕು. ಆದರೆ ಅದಕ್ಕೆ ನಲ್ಲಿಯಲ್ಲಿ ಒತ್ತಡ ಬೇಕು. ಟ್ಯಾಂಕು ಯಂತ್ರಕ್ಕಿಂತ ಮೂರು ಮೀಟರಾದರೂ ಮೇಲಿರಬೇಕು. ಹಂಚಿನ ಮನೆಯಲ್ಲಿ ಅಷ್ಟೆತ್ತರದ ಟ್ಯಾಂಕು ಎಲ್ಲರಿಗೂ ಇರುವುದಿಲ್ಲ. ಜೋಡಿತೊಟ್ಟಿಯ ಯಂತ್ರಕ್ಕೆ ಬಾವಿಯ ನೀರನ್ನು ಕೊಡದಿಂದ ಹೊಯ್ದರೂ ನಡೆಯುತ್ತದೆ. ಬೆಳ್ಳನೆಯ ಅರಿವೆ ಒಗೆದ ಸಾಬೂನು ನೀರಿನಲ್ಲೇ ಬಣ್ಣದವನ್ನೂ, ಕೊನೆಗೆ ಒರೆಸುವ ಬಟ್ಟೆಯನ್ನೂ ಒಗೆಯಬಹುದು. ಹಳ್ಳದ ದಂಡೆಯ ಜಾಣತನ ಅದರಲ್ಲಿ ಹಾಗೆಯೇ ಉಳಿದಿದೆ. ಘಟ್ಟದ ಮಳೆನೀರು ಮೆದು; ನೊರೆ ಬೇಗ ಬರುವುದರಿಂದ ಪುಡಿ ಕಡಿಮೆ ಸಾಕು. ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರಿಗೆ ಅಳೆದ ಅಳತೆ ಇಲ್ಲಿಗೆ ಸಲ್ಲದು.

ಎರಡನೆಯದು ಬಿಸಿಲು. ಜಾಂಬೋಟಿಯ ಮಟ್ಟಿಗೆ ಇದೇ ನಿರ್ಣಾಯಕ. ಇಲ್ಲಿ ಮಳೆಗಾಲದ ನಾಲ್ಕು ತಿಂಗಳು ಯಂತ್ರ ಎಷ್ಟು ಬೆಳ್ಳಗೆ ಒಗೆಯುತ್ತದೆ ಎನ್ನುವುದಕ್ಕಿಂತ ಎಷ್ಟು ಬಿಗಿಯಾಗಿ ಹಿಂಡುತ್ತದೆ ಎಂಬುದು ಮುಖ್ಯ. ಹಿಂಡುವ ಬಲ ತಿರುಗುವ ವೇಗದ ವರ್ಗಕ್ಕೆ ಅನುಗುಣ. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿ. ಮೇಲಿನ ಬಾಯಿಯ ಸ್ವಯಂಚಾಲಿತ ಯಂತ್ರ ಸಾಮಾನ್ಯವಾಗಿ ನಿಮಿಷಕ್ಕೆ 700ರ ಆಸುಪಾಸು ಸುತ್ತು ತಿರುಗುತ್ತದೆ. ಮುಂಬಾಗಿಲಿನದು 1000ದಿಂದ 1400. ಅಗ್ಗದ ಜೋಡಿತೊಟ್ಟಿಯ ಹಿಂಡುವ ತೊಟ್ಟಿ ಸಣ್ಣದಾದರೂ 1300ರ ಸುಮಾರಿಗೆ ತಿರುಗುತ್ತದೆ. ಹೆಚ್ಚು ಬೆಲೆ ಕೊಟ್ಟದ್ದು ಹೆಚ್ಚು ಒಣಗಿಸುತ್ತದೆ ಎಂದು ನಂಬಿ ಮೋಸಹೋಗುವುದು ಇಲ್ಲಿಯೇ. ಕೈಯಲ್ಲಿ ಹಿಂಡಿದ ದುಪ್ಪಟಿ ಪಡಸಾಲೆಯ ಹಗ್ಗದ ಮೇಲೆ ಮೂರು ದಿನ ತೂಗಿದರೆ, ಇಂಥ ತೊಟ್ಟಿಯಿಂದ ತೆಗೆದದ್ದು ಅದಕ್ಕಿಂತ ಎಷ್ಟೋ ಮೊದಲು ಒಣಗುತ್ತದೆ. ಮುಗ್ಗಲು ವಾಸನೆಯ ಹಸಿ ಅರಿವೆ ಕೂಸಿನ ಮೈಗೆ ತಾಗಿ ಕೆಂಪು ಗುಳ್ಳೆ ಏಳುವುದನ್ನು ಕಂಡ ತಾಯಂದಿರಿಗೆ ಇದರ ಬೆಲೆ ಗೊತ್ತು.

ಮೂರನೆಯದು ಕೊಳೆ. ತೊಟ್ಟಿಲ ಕೂಸಿನ ಬಟ್ಟೆಗೆ ಬಿಸಿನೀರು ಬೇಕು. ಮುಂಬಾಗಿಲಿನ ಯಂತ್ರದೊಳಗೆ ನೀರು ಕಾಯಿಸುವ ಹೀಟರ್ ಇರುತ್ತದೆ. ಅದು ಸುಮಾರು 2000 ವಾಟಿನದು, ತಣ್ಣೀರಿನ ಒಗೆತಕ್ಕಿಂತ ಹಲವು ಪಟ್ಟು ವಿದ್ಯುತ್ ಎಳೆಯುತ್ತದೆ. ಮಳೆಯಲ್ಲಿ ಮರ ಬಿದ್ದು ತಂತಿ ಹರಿಯುವ ಊರಿನಲ್ಲಿ, ವೋಲ್ಟೇಜು ಕುಸಿಯುವ ಸಂಜೆಗಳಲ್ಲಿ ಅದನ್ನೇ ನೆಚ್ಚುವಂತಿಲ್ಲ. ಬಚ್ಚಲ ಒಲೆಯ ಹಂಡೆ ಇರುವ ಮನೆಯಲ್ಲಿ ಲಂಗೋಟಿಗಳನ್ನು ಮೊದಲು ಜಾಲಿಸಿ, ಬಿಸಿನೀರಿನಲ್ಲಿ ನೆನೆಸಿ, ನಂತರ ಯಂತ್ರಕ್ಕೆ ಹಾಕಿದರೆ ಸಾಕು. ಉಬ್ಬೆಯ ತತ್ವ ಅದೇ ಅಲ್ಲವೇ?

ಅಳತೆಯ ಮಾತೂ ಇಲ್ಲಿಯೇ ಬರುತ್ತದೆ. ಯಂತ್ರದ ಮೇಲೆ ಬರೆದ ‘ಏಳು ಕಿಲೋ’ ಒಣ ಬಟ್ಟೆಯ ತೂಕ. ಕೌದಿ ಒಗೆಯಬೇಕೆಂದು ಬಹಳ ಜನ ದೊಡ್ಡ ಯಂತ್ರಕ್ಕೆ ಕೈಹಾಕುತ್ತಾರೆ. ನವರಾತ್ರಿಯ ಘಟಸ್ಥಾಪನೆಗೆ ಮೊದಲು ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಒಗೆದು ಹರವುವುದು ಈ ಸೀಮೆಯ ವಾಡಿಕೆ. ಆದರೆ ಹಳೆಯ ಸೀರೆಗಳ ಪದರಗಳನ್ನು ಕೂಡಿಸಿ ಕೈಹೊಲಿಗೆ ಹಾಕಿದ ಕೌದಿ ನೀರು ಕುಡಿದರೆ ಒಬ್ಬರಿಂದ ಎತ್ತಲಾಗದಷ್ಟು ಭಾರ. ತೊಟ್ಟಿಯೊಳಗೆ ಅದು ಒಂದೇ ಕಡೆ ಮುದ್ದೆಯಾಗಿ ಯಂತ್ರ ಅದುರುತ್ತದೆ, ಹೊಲಿಗೆಯೂ ಬಿಡುತ್ತದೆ. ವರ್ಷಕ್ಕೆ ಒಂದೆರಡು ಸಲದ ಕೌದಿಯನ್ನು ಕಲ್ಲಿಗೇ ಬಿಡುವುದು ಮೇಲು. ಯಂತ್ರದ ಅಳತೆಯನ್ನು ನಿರ್ಧರಿಸಬೇಕಾದದ್ದು ದಿನದ ದುಪ್ಪಟಿ ಮತ್ತು ಕುಂಚಿಗೆ.

ಮಕ್ಕಳ ಸುರಕ್ಷತೆ ಪ್ರತ್ಯೇಕವಾಗಿ ನೋಡಬೇಕಾದ ವಿಷಯ. ಹಿಂಡುವ ತೊಟ್ಟಿಯ ಮುಚ್ಚಳ ತೆರೆದೊಡನೆ ತಿರುಗುವುದು ನಿಲ್ಲುತ್ತದೆಯೇ ಎಂದು ಅಂಗಡಿಯಲ್ಲೇ ನಡೆಸಿ ನೋಡಬೇಕು. ಪುಟ್ಟ ಕೈ ಒಳಗೆ ಹೋಗಲು ಕ್ಷಣ ಸಾಕು. ಒಗೆದ ಮೇಲೆ ತೊಟ್ಟಿಯಲ್ಲಾಗಲಿ ಬಕೀಟಿನಲ್ಲಾಗಲಿ ನೀರು ಉಳಿಸಬಾರದು. ಮುಂಬಾಗಿಲು ಮಗುವಿನ ಎತ್ತರಕ್ಕೇ ಇರುವುದರಿಂದ ಅದಕ್ಕೆ ಚೈಲ್ಡ್ ಲಾಕ್ ಇರಬೇಕು, ಬಾಗಿಲು ಸದಾ ಮುಚ್ಚಿರಬೇಕು. ಜಪಾನಿನಲ್ಲಿ 2015ರಲ್ಲಿ ಬಾಲಕನೊಬ್ಬ ಇಂಥ ಯಂತ್ರದೊಳಗೆ ಸಿಲುಕಿ ಸತ್ತ ಮೇಲೆ ಅಲ್ಲಿ ಈ ಎಚ್ಚರಿಕೆ ದೊಡ್ಡ ಚರ್ಚೆಯಾಯಿತು. ಬಚ್ಚಲ ಹಸಿ ನೆಲದಲ್ಲಿ ಯಂತ್ರ ಇಡುವವರು ಸರಿಯಾದ ಅರ್ತಿಂಗ್ ಇಲ್ಲದೆ ಪ್ಲಗ್ಗು ಚುಚ್ಚಲೇಬಾರದು. ಕಾಡಂಚಿನ ಊರಾದ್ದರಿಂದ ಅಡಿಯಿಂದ ಇಲಿ ನುಗ್ಗಿ ತಂತಿ ಕಡಿಯದಂತೆ ಜಾಳಿಗೆಯೂ ಬೇಕು. ಕೆಟ್ಟರೆ ರಿಪೇರಿಯವನು ಖಾನಾಪುರದಿಂದಲೋ ಬೆಳಗಾವಿಯಿಂದಲೋ ಬರಬೇಕು; ಅಲ್ಲಿಂದ ಇಲ್ಲಿಯವರೆಗೆ ಬರುವವರಿದ್ದಾರೆಯೇ ಎಂದು ಕೊಳ್ಳುವ ಮೊದಲೇ ಕೇಳಿಡುವುದು ಜಾಣತನ.

ಇಷ್ಟನ್ನು ತೂಗಿ ನೋಡಿದರೆ ಎತ್ತರದ ಟ್ಯಾಂಕು, ಸಮತಟ್ಟಾದ ಗಟ್ಟಿ ನೆಲ, ನಂಬಬಹುದಾದ ವಿದ್ಯುತ್ತು ಇರುವ ಮನೆಗೆ ಮುಂಬಾಗಿಲಿನ ಯಂತ್ರ ಒಳ್ಳೆಯದು. ಇವು ಇಲ್ಲದ ಮನೆಗೆ ಜೋಡಿತೊಟ್ಟಿಯೇ ಹಿತ. ಆದರೆ ಒಂದು ಮಾತು ಮರೆಯಬಾರದು. ಜೋಡಿತೊಟ್ಟಿಯಲ್ಲಿ ಒದ್ದೆ ಬಟ್ಟೆಯನ್ನು ಒಂದರಿಂದ ಇನ್ನೊಂದಕ್ಕೆ ಎತ್ತಿಹಾಕಲು ಒಬ್ಬರು ಬಳಿಯಲ್ಲೇ ನಿಂತಿರಬೇಕು.

ನಾಲ್ಕನೆಯ ಪ್ರಶ್ನೆ

ಆ ಒಬ್ಬರು ಯಾರು? ನಾಲ್ಕನೆಯ ಪ್ರಶ್ನೆ ಇದು. ಅಂಗಡಿಯಲ್ಲಿ ಯಾರೂ ಕೇಳದ ಪ್ರಶ್ನೆ. 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾಗಿ ಬಂದ ಗಾಂಧೀಜಿ, ತಮ್ಮ ಆತ್ಮಕಥೆಯಲ್ಲಿ ಒಂದು ಪ್ರಸಂಗ ಹೇಳಿದ್ದಾರೆ. ದಕ್ಷಿಣ ಆಫ್ರಿಕದಲ್ಲಿ ಬ್ಯಾರಿಸ್ಟರರಾಗಿದ್ದಾಗ ಅಗಸನ ಖರ್ಚು ಹೆಚ್ಚೆನಿಸಿ, ಒಗೆತದ ಪುಸ್ತಕ ಕೊಂಡು ಓದಿ, ತಾವೂ ಕಲಿತು ಕಸ್ತೂರಬಾಗೂ ಕಲಿಸಿದರಂತೆ. ಮೊದಲ ಸಲ ತಾವೇ ಗಂಜಿ ಹಾಕಿದ ಕಾಲರು ಧರಿಸಿ ನ್ಯಾಯಾಲಯಕ್ಕೆ ಹೋದಾಗ ಗಂಜಿ ತೊಟ್ಟಿಕ್ಕಿ ಗೆಳೆಯರೆಲ್ಲ ನಕ್ಕರಂತೆ. ಅವರಿಗೆ ನಾಚಿಕೆಯೆನಿಸಲಿಲ್ಲ. ಮುಂದೆ ಗೋಖಲೆಯವರ ಉತ್ತರೀಯವನ್ನು ತಾವೇ ಇಸ್ತ್ರಿ ಮಾಡಿಕೊಟ್ಟು ಅವರಿಂದ ಭೇಷ್ ಎನಿಸಿಕೊಂಡದ್ದನ್ನು ಹೆಮ್ಮೆಯಿಂದ ನೆನೆದಿದ್ದಾರೆ.

ಮಾಚಿದೇವನಿಗೆ ಒಗೆಯುವುದು ಕಾಯಕವಾಗಿತ್ತು. ಗಾಂಧೀಜಿಗೆ ಅದು ಸ್ವಾವಲಂಬನೆಯಾಗಿತ್ತು. ನಮ್ಮ ಮನೆಗಳಲ್ಲಿ ಮಾತ್ರ ಅದು ಇನ್ನೂ ಹೆಚ್ಚಿನ ಮಟ್ಟಿಗೆ ಒಬ್ಬ ಹೆಂಗಸಿನ ಪಾಲಿನ ಕೆಲಸವಾಗಿಯೇ ಉಳಿದಿದೆ. ಯಂತ್ರದ ಬೆಲೆ, ಬಣ್ಣ, ಬ್ರ್ಯಾಂಡನ್ನು ಆರಿಸುವವರು ಬಹಳ ಸಲ ಅದನ್ನು ನಡೆಸದವರು. ಮನೆಯಲ್ಲಿ ಒಗೆಯುವವರನ್ನೇ ಮುಂದೆ ಮಾಡಿಕೊಂಡು ಅಂಗಡಿಗೆ ಹೋದರೆ ಅರ್ಧ ಆಯ್ಕೆ ಸರಿಯಾದಂತೆ. ತಂದ ಯಂತ್ರವನ್ನು ನಡೆಸಲು ಗಂಡ, ಅತ್ತೆ, ಮಾವ, ನಾಳೆ ದೊಡ್ಡವರಾಗುವ ಆ ಮಕ್ಕಳೂ ಕಲಿತರೆ ಉಳಿದರ್ಧವೂ ಸರಿಯಾದೀತು. ಕಣಕುಂಬಿಯ ಕಡೆಯಿಂದ ಮೋಡ ಏಳುವ ಮುನ್ನ ಹಗ್ಗದ ಮೇಲಿನ ಕುಂಚಿಗೆಯನ್ನು ಒಳಗೆ ತರಲು ಮನೆಯಲ್ಲಿ ಯಾರ ಕೈಯಾದರೂ ಆದೀತು.